ಕರೆಂಟು ಯಾಕೆ ಹೋಗಲಿಲ್ಲ?

(ಹಾಲು ಉತ್ಪಾದಕರ ಸಹಕಾರ ಸಂಘಗಳ ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಪ್ರತಿ ಸಲ ನಿಮ್ಮ ಮುಂದೆ ನಿಂತಾಗ ನಾನು ಕೆಚ್ಚಲು ಬಾವು, ಕಾಲುಬಾಯಿ ರೋಗದ ಲಸಿಕೆ, ಖನಿಜ ಮಿಶ್ರಣ, ಹಸಿರು ಮೇವು ಇವುಗಳ ಬಗ್ಗೆಯೇ ಮಾತನಾಡಿದ್ದೇನೆ. ಈ ದಿನ ಅದನ್ನೆಲ್ಲ ಬದಿಗಿಟ್ಟು ಕರೆಂಟಿನ ವಿಚಾರ ಹೇಳುತ್ತೇನೆ. ದನದ ಡಾಕ್ಟರಿಗೆ ಕರೆಂಟಿನ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನನಗೆ ಆ ಗೊಡವೆ ಹತ್ತಿಸಿದವರು ನಮ್ಮ ಸಂಘವೊಂದರ ಸದಸ್ಯೆ, ಒಬ್ಬ ತಾಯಿ.

ಕಳೆದ ಬೇಸಿಗೆಯ ಒಂದು ಸಂಜೆ. ಮಳೆ ಬರುತ್ತದೆ ಎಂದು ಎಲ್ಲರೂ ಕಾದಿದ್ದರು, ಬಂದದ್ದು ಬರೀ ಗಾಳಿ. ಊರಿನಲ್ಲಿ ದೀಪ ಹೋಯಿತು. ಆ ತಾಯಿಯ ಎರಡು ಸೀಮೆಹಸುಗಳು ಹೊಲದ ಬದುವಿನಲ್ಲಿ ಮೇಯುತ್ತಿದ್ದವು. ಹಗ್ಗ ಹಿಡಿದು ತರಲು ಹೋದ ಯಜಮಾನರಿಗೆ ಕಂಡದ್ದು, ಹಸುಗಳೆರಡೂ ನೆಲಕ್ಕೆ ಬಿದ್ದಿದ್ದವು. ಪಕ್ಕದಲ್ಲಿ ಹರಿದು ಬಿದ್ದ ತಂತಿ. 'ಊರಲ್ಲೇ ಕರೆಂಟಿಲ್ಲ, ಈ ತಂತಿಯಲ್ಲಿ ಎಲ್ಲಿಂದ ಬರಬೇಕು' ಎಂದುಕೊಂಡು ಅವರು ಮುಂದಕ್ಕೆ ಹೆಜ್ಜೆ ಇಟ್ಟರು. ಹಿಂದಿನಿಂದ ಬಂದ ಪಕ್ಕದ ಹೊಲದ ಹುಡುಗ ಅವರ ಟವಲು ಹಿಡಿದು ಎಳೆದ. ಆ ಹುಡುಗನ ಬುದ್ಧಿಯಿಂದ ಒಂದು ಮನೆ ಉಳಿಯಿತು.

ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ. ಗಾಳಿಗೆ ಬಿದ್ದದ್ದು ಊರಿನ ಫೀಡರ್. ಹೊಲದಲ್ಲಿ ಹರಿದಿದ್ದ 11 ಸಾವಿರ ವೋಲ್ಟಿನ ತಂತಿ ಪಂಪ್‌ಸೆಟ್ಟಿನದು. ಅದರಲ್ಲಿ ಜೀವ ಇತ್ತು.

ಮರುದಿನ ಬೆಳಿಗ್ಗೆ ನಾನು ಶವಪರೀಕ್ಷೆಗೆ ಹೋದೆ. ಹಸುವಿನ ಬಾಯಲ್ಲಿ ಹುಲ್ಲು ಹಾಗೇ ಇತ್ತು. ನಾನು ಕೈಗವಸು ಹಾಕಿಕೊಳ್ಳುತ್ತಿರುವಾಗ ಆ ತಾಯಿ ಕೇಳಿದರು: "ಸಾರ್, ತಂತಿ ನೆಲಕ್ಕೆ ಬಿದ್ರೆ ಕರೆಂಟು ತಾನಾಗೇ ಹೋಗ್ಬೇಕಲ್ವಾ? ಯಾಕೆ ಹೋಗ್ಲಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದ ಸೇವೆಯಲ್ಲಿ ಕರೆಂಟು ಹೊಡೆದು ಸತ್ತ ರಾಸುಗಳಿಗೆ ಎಷ್ಟೋ ಪ್ರಮಾಣಪತ್ರ ಬರೆದಿದ್ದೇನೆ. ಆದರೆ ಈ ಪ್ರಶ್ನೆಯನ್ನು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಉತ್ತರ ನಮ್ಮ ಮನೆಯಲ್ಲೇ ಇತ್ತು. ನನ್ನ ಅಕ್ಕನ ಯಜಮಾನರು, ನಮ್ಮ ಭಾವ, ಸಬ್‌ಸ್ಟೇಷನ್‌ಗಳಲ್ಲಿ ರಿಲೇ ಪರೀಕ್ಷೆ ಮಾಡುವ ಇಂಜಿನಿಯರು. ಜೀಪಿನಲ್ಲಿ ಪರೀಕ್ಷಾ ಪೆಟ್ಟಿಗೆ ಹಾಕಿಕೊಂಡು ಸ್ಟೇಷನ್ನಿಂದ ಸ್ಟೇಷನ್ನಿಗೆ ಸುತ್ತುವ ಕೆಲಸ. ನಾನು ವಿಷಯ ಹೇಳಿದಾಗ ಅವರು ಮೊದಲು ಕೇಳಿದ್ದು ಒಂದೇ ಮಾತು: "ನೀನು ಹಸು ಹತ್ತಿರ ಹೋಗೋ ಮುಂಚೆ ಲೈನ್ ಕ್ಲಿಯರ್ ಆಗಿದೆಯಾ ಅಂತ ಯಾರನ್ನಾದ್ರೂ ಕೇಳಿದ್ಯಾ?" ಕೇಳಿರಲಿಲ್ಲ. ತಂತಿ ಇನ್ನೂ ಅಲ್ಲೇ ಇತ್ತು, ನಾನು ನೇರವಾಗಿ ಹೋಗಿ ಕುಕ್ಕರಗಾಲಿನಲ್ಲಿ ಕೂತಿದ್ದೆ. ಭಾವ ಬೈದರು. ಬೈಸಿಕೊಳ್ಳುವಂಥ ತಪ್ಪೇ ಮಾಡಿದ್ದೆ. ಆಮೇಲೆ ಒಂದು ದಿನ ತಾವು ಪರೀಕ್ಷೆಗೆ ಹೋಗುವಾಗ ಅನುಮತಿ ಪಡೆದು ನನ್ನನ್ನೂ ಕರೆದುಕೊಂಡು ಹೋದರು.

ಸ್ಟೇಷನ್ನಿನಲ್ಲಿ ನಾನು ಕಂಡದ್ದು

ನಮ್ಮ ಕಡೆಯ ಹಳ್ಳಿಗಳಿಗೆ ಕರೆಂಟು ಬರುವುದು 66 ಸಾವಿರ ವೋಲ್ಟನ್ನು 11 ಸಾವಿರಕ್ಕೆ ಇಳಿಸುವ ಸಬ್‌ಸ್ಟೇಷನ್ನಿನಿಂದ. ಅಲ್ಲಿಂದ ಒಂದೊಂದು ದಿಕ್ಕಿಗೆ ಒಂದೊಂದು ಫೀಡರ್ ಹೊರಡುತ್ತದೆ. ಊರ ಹತ್ತಿರದ ಟಿ.ಸಿ.ಯಲ್ಲಿ ಮತ್ತೆ ಇಳಿದು ನಮ್ಮ ಮನೆಗೆ, ಪಂಪ್‌ಸೆಟ್ಟಿಗೆ ಬರುತ್ತದೆ.

ಪ್ರತಿ ಫೀಡರಿಗೂ ಒಂದು ಕಾವಲು ಇದೆ. ಅದರಲ್ಲಿ ನಾಲ್ಕು ಜನ ಇದ್ದಾರೆ ಎಂದುಕೊಳ್ಳಿ. ಮೊದಲನೆಯದು ಸಿ.ಟಿ. ಲೈನಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದರ ಸ್ಯಾಂಪಲ್ ಕೊಡುವುದು ಅದರ ಕೆಲಸ. ಟ್ಯಾಂಕರಿನ ಹಾಲನ್ನೆಲ್ಲ ಪರೀಕ್ಷಿಸದೆ ಒಂದು ಬಾಟಲಿ ತೆಗೆಯುವ ಹಾಗೆ. ಲೈನಿನಲ್ಲಿ 200 ಆಂಪೇರ್ ಹರಿದರೆ ಸಿ.ಟಿ. 1 ಆಂಪೇರ್ ಕೊಡುತ್ತದೆ. ಎರಡನೆಯದು ರಿಲೇ. ಸ್ಯಾಂಪಲ್ ನೋಡಿ 'ಇದು ಸರಿ, ಇದು ತಪ್ಪು' ಎಂದು ತೀರ್ಮಾನ ಮಾಡುವುದು ಅದು. ಮೂರನೆಯದು ಬ್ಯಾಟರಿ. ಅನೇಕ ಸ್ಟೇಷನ್‌ಗಳಲ್ಲಿ 2 ವೋಲ್ಟಿನ 55 ಸೆಲ್ಲುಗಳನ್ನು ಸಾಲಾಗಿ ಜೋಡಿಸಿ 110 ವೋಲ್ಟು ಮಾಡಿರುತ್ತಾರೆ. ಲೈನಿನಲ್ಲಿ ದೋಷ ಬಂದಾಗ ಲೈನಿನ ಕರೆಂಟನ್ನೇ ನಂಬಿ ಕೂರಲಾಗದು, ಅದಕ್ಕೆ ಬೇರೆ ಶಕ್ತಿ ಬೇಕು. ನಾಲ್ಕನೆಯದು ಬ್ರೇಕರ್. ರಿಲೇ ಹೇಳಿದಾಗ ಲೈನನ್ನು ಕತ್ತರಿಸುವುದು ಅದೇ.

ಈ ನಾಲ್ವರಲ್ಲಿ ಒಬ್ಬ ನಿದ್ದೆ ಮಾಡಿದರೂ ಕಾವಲು ಹೋದ ಹಾಗೆ. ಭಾವ ಹೇಳಿದರು: "ತಿಂಗಳುಗಟ್ಟಲೆ ಸುಮ್ಮನೆ ಕೂತಿದ್ದು, ಯಾವತ್ತೋ ಒಂದು ದಿನ ಒಂದು ಸೆಕೆಂಡು ಕೆಲಸ ಮಾಡಬೇಕಾದ ಸಾಮಾನು ಇದು. ಆ ಸೆಕೆಂಡಿಗೆ ಅದು ಎಚ್ಚರ ಇರುತ್ತೋ ಇಲ್ವೋ ಅಂತ ಮುಂಚೆನೇ ನೋಡೋದು ನನ್ನ ಕೆಲಸ."

ಅವರು ಕೆಲಸಕ್ಕೆ ಕೈಹಾಕುವ ಮೊದಲು ಅರ್ಧ ಗಂಟೆ ಬರೀ ಕಾಗದದ ಕೆಲಸ ನಡೆಯಿತು. ಫೀಡರಿಗೆ ಲೈನ್ ಕ್ಲಿಯರ್ ಬರೆಸಿ, ಸಹಿ ಪಡೆದು, ಸ್ವಿಚ್ ತೆಗೆದದ್ದನ್ನು ಕಣ್ಣಾರೆ ನೋಡಿ, ಲೈನನ್ನು ಅರ್ಥ್ ಮಾಡಿ, ಬೋರ್ಡು ತೂಗುಹಾಕಿದ ಮೇಲೆಯೇ ಪೆಟ್ಟಿಗೆ ಬಿಚ್ಚಿದರು. ಸಿ.ಟಿ.ಯಿಂದ ಬರುವ ತಂತಿಗಳನ್ನು ಬಿಚ್ಚುವ ಮೊದಲು ಅವನ್ನು ಒಂದಕ್ಕೊಂದು ಕೂಡಿಸಿದರು. ಲೈನಿನಲ್ಲಿ ಕರೆಂಟು ಹರಿಯುತ್ತಿರುವಾಗ ಸಿ.ಟಿ.ಯ ತಂತಿ ತೆರೆದುಕೊಂಡರೆ ಅಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟು ಹುಟ್ಟುತ್ತದಂತೆ. ಲೈನು ಸತ್ತಿದೆ ಎಂದು ಗೊತ್ತಿದ್ದರೂ ಆ ಅಭ್ಯಾಸ ಬಿಡಬಾರದು ಎಂದರು.

ಆಮೇಲೆ ಪರೀಕ್ಷೆ. ನೀವು ಹಾಲು ಪರೀಕ್ಷಾ ಯಂತ್ರಕ್ಕೆ ಫ್ಯಾಟ್ ಎಷ್ಟೆಂದು ಮೊದಲೇ ಗೊತ್ತಿರುವ ಹಾಲು ಹಾಕಿ, ಯಂತ್ರ ಅಷ್ಟೇ ತೋರಿಸುತ್ತದೆಯೇ ಎಂದು ನೋಡುತ್ತೀರಲ್ಲ, ಇದೂ ಹಾಗೆಯೇ. ತಮ್ಮ ಪೆಟ್ಟಿಗೆಯಿಂದ ಅಳತೆ ಮಾಡಿದ ಕರೆಂಟನ್ನು ರಿಲೇಗೆ ಕೊಟ್ಟರು. ಅದು ಹಳೆಯ ಕಾಲದ ರಿಲೇ, ಮನೆ ಮೀಟರಿನಲ್ಲಿ ಮೊದಲು ತಿರುಗುತ್ತಿದ್ದಂಥ ತಟ್ಟೆ ಇದರಲ್ಲೂ ಇತ್ತು. ನಿಗದಿ ಮಾಡಿದ ಮಟ್ಟದ ಎರಡು ಪಾಲು ಕೊಟ್ಟಾಗ ಸುಮಾರು 1 ಸೆಕೆಂಡಿಗೆ ಬಿತ್ತು. ಹತ್ತು ಪಾಲು ಕೊಟ್ಟಾಗ ಸುಮಾರು 0.3 ಸೆಕೆಂಡಿಗೆ ಬಿತ್ತು. ದೋಷ ದೊಡ್ಡದಾದಷ್ಟೂ ಬೇಗ ಬೀಳುವುದು ಅದರ ಗುಣ. ಎಲ್ಲವನ್ನೂ ಹಿಂದಿನ ಸಲದ ಪುಸ್ತಕದ ಜೊತೆ ತಾಳೆ ನೋಡಿ ಬರೆದುಕೊಂಡರು. ಈ ಫೀಡರಿನ ರಿಲೇ ತಡ ಮಾಡಿದರೆ ಅದರ ಮೇಲಿನ ರಿಲೇ ಮೊದಲು ಬೀಳುತ್ತದೆ, ಒಂದು ಫೀಡರಿನ ದೋಷಕ್ಕೆ ಸ್ಟೇಷನ್ನಿನ ಎಲ್ಲ ಫೀಡರುಗಳೂ ಕತ್ತಲಾಗುತ್ತವೆ. ನಿಮ್ಮ ಹಾಲು ಶೀತಲೀಕರಣ ಘಟಕವೂ ನಿಲ್ಲುತ್ತದೆ.

ನಾನು 'ಮುಗಿಯಿತಲ್ಲ' ಎಂದೆ. 'ಇನ್ನೂ ಅರ್ಧ ಇದೆ' ಎಂದರು. ರಿಲೇ ಹೇಳಿದ ಮಾತು ಬ್ರೇಕರಿಗೆ ಮುಟ್ಟುತ್ತದೆಯೇ ಎಂದು ನೋಡಬೇಕು. ಹಿಂದೊಮ್ಮೆ ಅವರು ಒಂದು ಕಡೆ ರಿಲೇ ಪರೀಕ್ಷಿಸಿದಾಗ ರಿಲೇ ಕರಾರುವಾಕ್ಕಾಗಿತ್ತು, ಬ್ಯಾಟರಿಯೂ ಚೆನ್ನಾಗಿತ್ತು, ಬ್ರೇಕರೂ ಹೊಸದು. ಆದರೆ ಬ್ರೇಕರ್ ಬೀಳಲಿಲ್ಲ. ಹುಡುಕಿದರೆ ನಡುವಿನ ಒಂದು ತಂತಿಯ ಸ್ಕ್ರೂ ಸಡಿಲ. ಎಷ್ಟು ದಿನದಿಂದ ಆ ಫೀಡರ್ ಕಾವಲಿಲ್ಲದೆ ಓಡುತ್ತಿತ್ತೋ. ಆದ್ದರಿಂದ ಬಿಡಿಬಿಡಿಯಾಗಿ ನೋಡಿದರೆ ಸಾಲದು, ಕೊನೆಯಲ್ಲಿ ಬ್ರೇಕರ್ ಢಂ ಎಂದು ಬೀಳುವ ಸದ್ದು ಕಿವಿಗೆ ಕೇಳಬೇಕು.

ಕೊನೆಯ ಕೆಲಸ, ಬಿಚ್ಚಿದ್ದನ್ನೆಲ್ಲ ಮೊದಲಿದ್ದಂತೆ ಜೋಡಿಸುವುದು. ಪರೀಕ್ಷೆಗೆಂದು ಬಿಚ್ಚಿದ ಒಂದು ತಂತಿಯನ್ನು ಮರೆತು ಹೋದರೆ, ಪರೀಕ್ಷೆ ಮಾಡಿದವನೇ ಕಾವಲು ತೆಗೆದು ಹೋದಂತಾಯಿತು. ಭಾವ ತಮ್ಮ ಪಟ್ಟಿಯನ್ನು ಎರಡು ಸಲ ಜೋರಾಗಿ ಓದಿದರು. ಮೂವತ್ತು ವರ್ಷ ಅನುಭವ ಇದ್ದವರು ಶಾಲೆ ಹುಡುಗನ ಹಾಗೆ ಓದುವುದನ್ನು ಕಂಡು ನನಗೆ ಮೊದಲು ನಗು ಬಂತು, ಆಮೇಲೆ ಗೌರವ ಬಂತು.

ಆ ತಾಯಿಯ ಪ್ರಶ್ನೆಗೆ ಉತ್ತರ

ಬಂಧುಗಳೇ, ಇನ್ನು ಆ ಪ್ರಶ್ನೆಗೆ ಬರುತ್ತೇನೆ. ಹಸುಗಳು ಸತ್ತ ಆ ಫೀಡರಿನ ರಿಲೇಯನ್ನು ಆಮೇಲೆ ಪರೀಕ್ಷೆ ಮಾಡಿದರು. ಅದರಲ್ಲಿ ದೋಷವೇ ಇರಲಿಲ್ಲ. ನಿಗದಿ ಮಾಡಿದ ಮಟ್ಟಕ್ಕೆ ಸರಿಯಾಗಿ ಬೀಳುತ್ತಿತ್ತು. ಬ್ರೇಕರೂ ಸರಿಯಾಗಿತ್ತು. ಆದರೂ ಅಂದು ಕರೆಂಟು ಹೋಗಲಿಲ್ಲ.

ಭಾವ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಭೂಮಿಗೆ ಹರಿಯುವ ಕರೆಂಟನ್ನು ಹಿಡಿಯುವ ರಿಲೇಯನ್ನು 200 ಆಂಪೇರಿನ ಸಿ.ಟಿ.ಗೆ ಶೇಕಡಾ 20ಕ್ಕೆ ಇಟ್ಟರೆ, 40 ಆಂಪೇರ್ ಆದ ಮೇಲೆಯೇ ಅದಕ್ಕೆ ದೋಷ ಕಾಣುವುದು. ಹಸಿ ನೆಲದ ಮೇಲೆ ಬಿದ್ದ ತಂತಿಯಿಂದ ಅಷ್ಟು ಹರಿಯಬಹುದು. ಬೇಸಿಗೆಯ ಒಣ ಹೊಲ, ಮರಳು, ಡಾಂಬರು ರಸ್ತೆ, ಇವುಗಳ ಮೇಲೆ ಬಿದ್ದರೆ ಕೆಲವೇ ಆಂಪೇರ್ ಹರಿಯುತ್ತದೆ, ಕೆಲವೊಮ್ಮೆ ಹೆಚ್ಚುಕಡಿಮೆ ಏನೂ ಹರಿಯುವುದಿಲ್ಲ. ಸ್ಟೇಷನ್ನಿನಲ್ಲಿ ಕೂತ ರಿಲೇಗೆ ಅದು ಇನ್ನೊಂದು ಪಂಪ್‌ಸೆಟ್ಟು ಓಡಿದಷ್ಟೇ. ಆದರೆ ಒಂದು ಆಂಪೇರಿನ ಹತ್ತನೇ ಒಂದು ಪಾಲು ಎದೆಯ ಮೂಲಕ ಹಾದರೆ ಮನುಷ್ಯನ ಹೃದಯ ನಿಲ್ಲಬಹುದು.

"ಹಾಗಾದ್ರೆ 40 ಬದಲು 2 ಆಂಪೇರಿಗೆ ಇಡಿ ಭಾವ" ಎಂದೆ. "ಇಟ್ರೆ ಕೊಂಬೆ ತಾಗಿದ್ರೂ ಬೀಳುತ್ತೆ, ಪಿಂಗಾಣಿ ಒದ್ದೆಯಾದ್ರೂ ಬೀಳುತ್ತೆ. ದಿನಕ್ಕೆ ಹತ್ತು ಸಲ ಬಿದ್ರೆ ನಿಮ್ಮ ಊರಿನವರೇ ಬಂದು ಸ್ಟೇಷನ್ ಮುಂದೆ ಧರಣಿ ಕೂರ್ತಾರೆ" ಎಂದರು. ಈಗಿನ ಡಿಜಿಟಲ್ ರಿಲೇಗಳು ಹಳೆಯವಕ್ಕಿಂತ ಸೂಕ್ಷ್ಮ. ಬಿದ್ದ ತಂತಿಯ ಕಿಡಿಯನ್ನು ಗುರುತಿಸುವ ಪ್ರಯತ್ನ ಕೆಲವು ರಿಲೇಗಳಲ್ಲಿ ಇದೆ. ಆದರೂ ಎಲ್ಲ ನೆಲದಲ್ಲೂ, ಎಲ್ಲ ಸಂದರ್ಭದಲ್ಲೂ ಬಿದ್ದ ತಂತಿಯನ್ನು ಹಿಡಿದೇ ತೀರುವ ರಿಲೇ ಇಲ್ಲ.

ಇನ್ನೊಂದು ಅಪಾಯವೂ ಇದೆ. ಫೀಡರ್ ಬಿದ್ದರೆ ಸ್ಟೇಷನ್ನಿನಲ್ಲಿ ಇರುವವರು ಸ್ವಲ್ಪ ಹೊತ್ತಿನ ನಂತರ ಒಮ್ಮೆ ಹಾಕಿ ನೋಡುವುದುಂಟು. ನಿಮ್ಮ ಹೊಲದಲ್ಲಿ ತಂತಿ ಬಿದ್ದಿದೆ ಎಂದು ಅವರಿಗೆ ಕಾಣುವುದಿಲ್ಲ. ಈ ಗಳಿಗೆಯಲ್ಲಿ ಸತ್ತಿರುವ ತಂತಿಗೆ ಮುಂದಿನ ಗಳಿಗೆಯಲ್ಲಿ ಜೀವ ಬರಬಹುದು. ಆದ್ದರಿಂದ ಊರಿನ ದೀಪ ನೋಡಿ ತಂತಿಯ ಲೆಕ್ಕ ಹಾಕಬೇಡಿ.

ಹಸುವೇ ಮೊದಲು ಬೀಳುವುದು ಯಾಕೆ?

ಇದು ನನ್ನ ಕಸುಬಿನ ಮಾತು. ತಂತಿ ಬಿದ್ದ ಜಾಗದಿಂದ ನೆಲದಲ್ಲಿ ವೋಲ್ಟು ಸುತ್ತಲೂ ಹರಡಿ, ದೂರ ಹೋದಂತೆ ಕಡಿಮೆಯಾಗುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಸುಮಾರು ಒಂದೂವರೆ ಮೀಟರ್ ಅಂತರ. ಮುಂಗಾಲಿನಲ್ಲಿ ಒಂದು ವೋಲ್ಟು, ಹಿಂಗಾಲಿನಲ್ಲಿ ಇನ್ನೊಂದು. ಆ ವ್ಯತ್ಯಾಸದಿಂದ ಹರಿಯುವ ಕರೆಂಟು ಹಸುವಿನ ಎದೆಯ ಮೂಲಕವೇ ಹಾಯುತ್ತದೆ. ಮನುಷ್ಯನಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುತ್ತದೆ. ಹಸುವಿನ ದೇಹ ಕರೆಂಟಿಗೆ ಒಡ್ಡುವ ತಡೆಯೂ ಮನುಷ್ಯನಿಗಿಂತ ಕಡಿಮೆ, ಸುಮಾರು 500 ಓಮ್. ಆದ್ದರಿಂದ ಹಸು ತಂತಿಯನ್ನು ಮುಟ್ಟದೆಯೂ ಸಾಯುತ್ತದೆ. ಮೈಮೇಲೆ ಸುಟ್ಟ ಗುರುತು ಇಲ್ಲದಿರಬಹುದು.

ಹಸು ಬಿದ್ದಿತೆಂದರೆ ನೆಲದಲ್ಲಿ ಕರೆಂಟು ಇದೆ ಎಂದು ಅರ್ಥ. ನಮ್ಮ ಜನಕ್ಕೆ ಹಸು ಎಂದರೆ ಮನೆಮಗಳು, ಬಿದ್ದದ್ದು ಕಂಡ ಕೂಡಲೇ ಓಡುತ್ತಾರೆ. ಹಾಗೆ ಓಡಿದವರ ಮನೆಗೆ ಆಮೇಲೆ ನಾವು ಸಾಂತ್ವನ ಹೇಳಲು ಹೋಗಬೇಕಾಗುತ್ತದೆ.

ಸಂಘದ ಗೋಡೆಯ ಮೇಲಿನ ಪೆಟ್ಟಿಗೆ

ಆ ದಿನ ಹೊರಡುವಾಗ ಭಾವ ಒಂದು ಮಾತು ಹೇಳಿದರು: "ನಮ್ಮ ರಿಲೇ ಲೈನ್ ಕಾಯುತ್ತೆ, ಟ್ರಾನ್ಸ್‌ಫಾರ್ಮರ್ ಕಾಯುತ್ತೆ. ನಿನ್ನ ಕೊಟ್ಟಿಗೆ ಕಾಯೋ ರಿಲೇ ನಿನ್ನ ಗೋಡೆ ಮೇಲೇ ಇರಬೇಕು. ಅದನ್ನು ಯಾವತ್ತಾದ್ರೂ ಪರೀಕ್ಷೆ ಮಾಡಿದ್ದೀಯಾ?"

ಅವರು ಹೇಳಿದ್ದು ಆರ್.ಸಿ.ಸಿ.ಬಿ. ಎಂಬ ಸಣ್ಣ ಪೆಟ್ಟಿಗೆಯನ್ನು. ಒಳಗೆ ಹೋದ ಕರೆಂಟು ಅಷ್ಟೇ ವಾಪಸು ಬಾರದೆ, 30 ಮಿಲಿ ಆಂಪೇರ್ ಎಲ್ಲಾದರೂ ಸೋರಿದರೆ ಅದು ತಕ್ಷಣ ಕತ್ತರಿಸುತ್ತದೆ. ಎಂ.ಸಿ.ಬಿ. ಬೇರೆ. ಅದು ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಆರ್.ಸಿ.ಸಿ.ಬಿ.ಯ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕರೆಂಟು ಹೋಗಬೇಕು. ರಿಲೇ ಇಂಜಿನಿಯರು ಪೆಟ್ಟಿಗೆ ಹೊತ್ತುಕೊಂಡು ಹೋಗಿ ಮಾಡುವ ಕೆಲಸವನ್ನು ನಾವು ಒಂದು ಬೆರಳಿನಲ್ಲಿ ಮಾಡಬಹುದು.

ಮರುವಾರ ನಮ್ಮ ಸಂಘವೊಂದಕ್ಕೆ ಹೋದಾಗ ನಾನು ಆ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಬಲ್ಬು ಉರಿಯುತ್ತಲೇ ಇತ್ತು. ಎಲೆಕ್ಟ್ರಿಷಿಯನ್ ಕರೆಸಿ ಮುಚ್ಚಳ ತೆಗೆಸಿದರೆ, ಪೆಟ್ಟಿಗೆಯನ್ನು ಬಿಟ್ಟು ವೈರುಗಳನ್ನು ನೇರವಾಗಿ ಜೋಡಿಸಿದ್ದರು. ಪೆಟ್ಟಿಗೆ ಗೋಡೆಯ ಮೇಲೆ ಅಲಂಕಾರಕ್ಕೆ ಇತ್ತು. ಕೇಳಿದಾಗ 'ಮಳೆಗಾಲದಲ್ಲಿ ಸುಮ್ಮಸುಮ್ಮನೆ ಬೀಳ್ತಿತ್ತು ಸಾರ್, ಹಾಲು ತೂಗೋ ಹೊತ್ತಿಗೆ ತೊಂದರೆ ಅಂತ ತೆಗೆಸಿದ್ವಿ' ಎಂದರು. ಅದು ಸುಮ್ಮನೆ ಬೀಳುತ್ತಿರಲಿಲ್ಲ. ಕ್ಯಾನು ತೊಳೆಯುವ ಬಿಸಿನೀರಿನ ಹೀಟರಿನಲ್ಲಿ ಕರೆಂಟು ಸೋರುತ್ತಿತ್ತು. ಹಾಲು ಪರೀಕ್ಷೆ ಮಾಡುವ ಹೆಣ್ಣುಮಗಳು ಎರಡು ತಿಂಗಳಿಂದ 'ನಲ್ಲಿ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ' ಎನ್ನುತ್ತಿದ್ದಳಂತೆ. ಬೊಗಳಿದ ನಾಯಿಯನ್ನು ಕಟ್ಟಿಹಾಕಿ ಕಳ್ಳನನ್ನು ಮನೆಯಲ್ಲೇ ಇಟ್ಟುಕೊಂಡ ಹಾಗಾಗಿತ್ತು. ಈಗ ಅಲ್ಲಿ ಹೀಟರ್ ಬದಲಾಗಿದೆ, ಪೆಟ್ಟಿಗೆಯೂ ಬದಲಾಗಿದೆ.

ಕೊಟ್ಟಿಗೆಯಲ್ಲೂ ಇಂಥ ಸೂಚನೆ ಸಿಗುತ್ತದೆ. ಹಸು ನೀರಿನ ತೊಟ್ಟಿಗೆ ಮೂತಿ ತಂದು ಥಟ್ಟನೆ ಹಿಂದಕ್ಕೆ ಸರಿದರೆ, ನೀರನ್ನು ನಾಲಿಗೆಯಿಂದ ನೆಕ್ಕಿ ಬಿಟ್ಟರೆ, ಕರೆಯುವ ಯಂತ್ರ ಹಾಕಿದಾಗ ಮಾತ್ರ ಕಾಲು ಎತ್ತೆತ್ತಿ ಇಟ್ಟರೆ, ಕೇವಲ ಎರಡು ಮೂರು ವೋಲ್ಟಿನ ಸೋರಿಕೆಯೂ ಅದಕ್ಕೆ ಕಾರಣ ಇರಬಹುದು. ನಾವು ರಬ್ಬರ್ ಚಪ್ಪಲಿ ಹಾಕಿರುವುದರಿಂದ ನಮಗೆ ತಿಳಿಯದು, ಒದ್ದೆ ನೆಲದಲ್ಲಿ ನಿಂತ ಹಸುವಿಗೆ ತಿಳಿಯುತ್ತದೆ. ನೀರು ಕಡಿಮೆ ಕುಡಿದರೆ ಹಾಲು ಇಳಿಯುತ್ತದೆ. ನನ್ನನ್ನು ಕರೆಸಿ, ಆದರೆ ಎಲೆಕ್ಟ್ರಿಷಿಯನ್ನನ್ನೂ ಕರೆಸಿ.

ನೀವು ಮಾಡಬೇಕಾದದ್ದು

ಒಂದು: ಬಿದ್ದ ತಂತಿ ಎಂದರೆ ಜೀವ ಇರುವ ತಂತಿ ಎಂದೇ ತಿಳಿಯಿರಿ. ಕನಿಷ್ಠ 10 ಮೀಟರ್ ದೂರ ನಿಲ್ಲಿ, ಮಕ್ಕಳನ್ನೂ ಉಳಿದ ದನಗಳನ್ನೂ ದೂರ ಇರಿಸಿ. ನೀವು ಹತ್ತಿರ ಸಿಕ್ಕಿಕೊಂಡಿದ್ದರೆ ಉದ್ದ ಹೆಜ್ಜೆ ಇಡದೆ, ಎರಡೂ ಪಾದ ಕೂಡಿಸಿ ನೆಲಕ್ಕೆ ಸವರುತ್ತಾ ಹೊರಬನ್ನಿ. 1912ಕ್ಕೆ ಫೋನು ಮಾಡಿ, ಲೈನ್‌ಮನ್‌ಗೂ ತಿಳಿಸಿ. ಲೈನ್ ಕ್ಲಿಯರ್ ಆಗಿದೆ ಎಂದು ಅವರು ಬಾಯಿಬಿಟ್ಟು ಹೇಳುವ ತನಕ ಹತ್ತಿರ ಹೋಗಬೇಡಿ. ಕೋಲಿನಿಂದ ಸರಿಸುವ ಸಾಹಸ 11 ಸಾವಿರ ವೋಲ್ಟಿನ ಮುಂದೆ ಬೇಡ.

ಎರಡು: ಸಂಘದ ಕಟ್ಟಡಕ್ಕೂ ಕೊಟ್ಟಿಗೆಗೂ 30 ಮಿಲಿ ಆಂಪೇರಿನ ಆರ್.ಸಿ.ಸಿ.ಬಿ. ಹಾಕಿಸಿ. ಪ್ರತಿ ತಿಂಗಳ ಮೊದಲ ದಿನ ಗುಂಡಿ ಒತ್ತಿ, ಕರೆಂಟು ಹೋಯಿತೇ ಎಂದು ನೋಡಿ, ತಾರೀಖು ಹಾಕಿ ಪುಸ್ತಕದಲ್ಲಿ ಬರೆಯಿರಿ. ಬೀಳುತ್ತಿದ್ದರೆ ಕಾರಣ ಹುಡುಕಿಸಿ, ಪೆಟ್ಟಿಗೆಯನ್ನು ತೆಗೆಸಬೇಡಿ. ಫ್ಯೂಸಿಗೆ ದಪ್ಪ ತಂತಿ ಸುತ್ತಬೇಡಿ. ಟಿ.ಸಿ. ಹತ್ತಿ ನಾವೇ ಫ್ಯೂಸು ಹಾಕುವ ಧೈರ್ಯ ಬೇಡವೇ ಬೇಡ.

ಮೂರು: ಮೇವು ಕತ್ತರಿಸುವ ಯಂತ್ರ, ಕರೆಯುವ ಯಂತ್ರ, ಪಂಪಿನ ಮೋಟಾರು, ಎಲ್ಲಕ್ಕೂ ಅರ್ಥ್ ತಂತಿ ಇರಲಿ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ.

ನಾಲ್ಕು: ಲೈನಿನ ಕೆಳಗೆ ಹುಲ್ಲಿನ ಮೆದೆ ಒಟ್ಟಬೇಡಿ, ಕೊಟ್ಟಿಗೆ ಕಟ್ಟಬೇಡಿ. ಜೋತುಬಿದ್ದ ತಂತಿ ಕಂಡರೆ ಸಂಘದ ಕಾಗದದಲ್ಲಿ ಬರೆದು ದೂರು ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಐದು: ರಾಸು ಥಟ್ಟನೆ ಸತ್ತರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಅದು ನೆರಡಿ ರೋಗವೂ ಆಗಿರಬಹುದು, ಆ ರೋಗ ಮನುಷ್ಯನಿಗೂ ಹರಡುತ್ತದೆ. ಪಶುವೈದ್ಯರು ಬಂದು ನೋಡಲಿ. ಕಿವಿಯ ಓಲೆ ಹಾಗೇ ಇರಲಿ, ವಿಮೆಗೆ ಬೇಕು. ವಿದ್ಯುತ್ತಿನಿಂದ ಜಾನುವಾರು ಸತ್ತರೂ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗಬೇಕೆಂದು 2003ರ ವಿದ್ಯುತ್ ಕಾಯಿದೆಯಲ್ಲೇ ಇದೆ. ಪರಿಹಾರಕ್ಕೆ ಅರ್ಜಿ ಹಾಕುವಾಗ ಶವಪರೀಕ್ಷೆಯ ವರದಿಯನ್ನೂ ಜೊತೆಗಿಡಿ.

ಇಷ್ಟನ್ನೂ ನಾನು ಆ ತಾಯಿಯ ಮನೆಗೆ ಹೋಗಿ ಮೊದಲು ಅವರಿಗೆ ಹೇಳಿದೆ. ರಿಲೇ ಕೆಟ್ಟಿರಲಿಲ್ಲ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಎಲ್ಲಾ ಸರಿಯಾಗಿದ್ದೂ ನನ್ನ ಹಸು ಹೋದ್ವು" ಎಂದರು. ಹೌದಮ್ಮ ಎಂದೆ. ಆಮೇಲೆ ಅವರು ಯಜಮಾನರ ಕಡೆ ನೋಡಿ, "ಕೇಳಿಸ್ಕೊಂಡ್ರಾ? ಇನ್ಮೇಲೆ ಯಾರು ಬಿದ್ರೂ ಓಡಿ ಹೋಗಬೇಡಿ" ಎಂದರು.

ಅಧ್ಯಕ್ಷರೇ, ಕಾರ್ಯದರ್ಶಿಗಳೇ, ನನ್ನದು ಒಂದೇ ಬೇಡಿಕೆ. ನಾಳೆ ಬೆಳಿಗ್ಗೆ ಹಾಲು ತೆಗೆದುಕೊಂಡು ಮುಗಿದ ಮೇಲೆ, ಸಂಘದ ಗೋಡೆಯ ಆ ಪೆಟ್ಟಿಗೆಯ ಮುಂದೆ ನಿಂತು ಗುಂಡಿ ಒತ್ತಿ. ದೀಪ ಆರಿದರೆ ಸಂತೋಷಪಡಿ. ಆರದಿದ್ದರೆ ಅದೇ ದಿನ ಎಲೆಕ್ಟ್ರಿಷಿಯನ್ನಿಗೆ ಹೇಳಿಕಳುಹಿಸಿ.